ಎರಡು ಆಡು, ನೂರು ಆಡು

ಕಳೆದ ತಿಂಗಳು ಅಂತಿಮ ವರ್ಷದ ಐಚ್ಛಿಕ ಕನ್ನಡ ತರಗತಿಯಲ್ಲಿ ವೀರಗೊಲ್ಲಾಳನ ಪ್ರಸ್ತಾಪ ಬಂದಿತ್ತು. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಗೋಲಗೇರಿಯ ಈ ಕುರಿಗಾಹಿ ಹುಡುಗ, ಶ್ರೀಶೈಲಕ್ಕೆ ಹೊರಟವನೊಬ್ಬನಲ್ಲಿ ತನಗೊಂದು ಲಿಂಗವನ್ನು ತಂದುಕೊಡೆಂದು ಬೇಡಿಕೊಂಡನಂತೆ. ತರಲು ಮರೆತ ಆತ ದಾರಿಯಲ್ಲಿ ಬಿದ್ದಿದ್ದ ಹಿಕ್ಕೆಯೊಂದನ್ನೇ ಲಿಂಗವೆಂದು ಕೈಗಿತ್ತನಂತೆ. ಹುಡುಗನ ನಿಷ್ಠೆಯಲ್ಲಿ ಅದೇ ಲಿಂಗವಾಯಿತೆಂಬುದು ಐತಿಹ್ಯ. ಹಿಕ್ಕೆಯೆಂದಾಗ ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ನನಗೆ ನಗು ಬರಲಿಲ್ಲ. ಎರೆಹೊಲದ ಅಂಚಿನಲ್ಲಿ ಬೆಳೆದವನಿಗೆ ಹಿಕ್ಕೆಯೆಂದರೆ ಗೊಬ್ಬರ, ಗೊಬ್ಬರವೆಂದರೆ ಮುಂದಿನ ವರ್ಷದ ಜೋಳ. ಕುರಿಗಾಹಿಯ ಕೈಯಲ್ಲಿ ಅದು ದೇವರಾದುದರಲ್ಲಿ ನನಗೆಂದೂ ಅಚ್ಚರಿ ಕಂಡದ್ದಿಲ್ಲ.

ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಉಳಿದುಕೊಂಡ. "ಸರ್, ನಾ ಮುಂದ ಎಂ.ಎ. ಮಾಡೂದಿಲ್ರಿ. ಆಡಿನ ಫಾರ್ಮ್ ಹಾಕಬೇಕಂತ ಮಾಡೀನ್ರಿ" ಎಂದ. ಎಷ್ಟು ಆಡು ಎಂದು ಕೇಳಿದೆ. "ನೂರು ರೀ. ನೂರಕ್ಕ ಕಮ್ಮಿ ಆದ್ರ ಸಬ್ಸಿಡಿ ಬರೂದಿಲ್ರಿ."

ಆ ಹುಡುಗನ ಮಾತು ಈ ಬರೆಹಕ್ಕೆ ಕಾರಣ. ಅವನು ಎಂ.ಎ. ಬಿಡುತ್ತಾನೆಂಬ ಸಂಕಟದಿಂದ ಇದನ್ನು ಬರೆಯುತ್ತಿಲ್ಲ. ಎಂ.ಎ. ಮಾಡಿಯೂ ಅತಿಥಿ ಉಪನ್ಯಾಸಕರಾಗಿ ವರ್ಷಕ್ಕೆ ಕೆಲವೇ ತಿಂಗಳು ಸಂಬಳ ಕಾಣುವವರನ್ನು ನಾವೆಲ್ಲ ಬಲ್ಲೆವು. ನನ್ನನ್ನು ಕಾಡಿದ್ದು 'ನೂರು' ಎಂಬ ಅಂಕಿ. ಅವನ ಮನೆಯಲ್ಲಿ ಈಗ ಎಷ್ಟು ಆಡುಗಳಿವೆಯೆಂದು ಕೇಳಿದಾಗ ಅವನು ತುಸು ನಾಚಿ, "ಒಂದೂ ಇಲ್ರಿ. ಮೊದಲಿದ್ವು, ಅವ್ವ ಮಾರಿದ್ಲು" ಎಂದ. ಒಂದೂ ಇಲ್ಲದ ಮನೆ ನೂರಕ್ಕೆ ಜಿಗಿಯಬೇಕೆಂದು ಬಯಸುವುದಾದರೆ, ಒಂದಕ್ಕೂ ನೂರಕ್ಕೂ ನಡುವೆ ಇದ್ದ ಏನೋ ಒಂದು ನಮ್ಮ ಊರುಗಳಿಂದ ಕಾಣೆಯಾಗಿದೆ ಎಂದೇ ಅರ್ಥ.

ನಾನು ಹುಟ್ಟಿದ್ದು ಇಂಡಿ ತಾಲ್ಲೂಕಿನ ಉತ್ತರದ ಅಂಚಿನಲ್ಲಿ. ಭೀಮೆಯನ್ನು ದಾಟಿದರೆ ಸೋಲಾಪುರ ಜಿಲ್ಲೆ. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆ, ಆಮೇಲೆ ಕನ್ನಡ. ಶಾಲೆಯಲ್ಲಿ ಅದು 'ಶೇಳೀ', ಮನೆಯಲ್ಲಿ 'ಆಡು'. ಗುರುಜಿ ಅದನ್ನು 'ಗರಿಬಾಚೀ ಗಾಯ' ಎನ್ನುತ್ತಿದ್ದರು, ಬಡವರ ಹಸು. ನನ್ನ ತಾಯಿ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. 'ಅದು' ಎನ್ನುತ್ತಿದ್ದಳು, ಮನೆಯ ಇನ್ನೊಂದು ಜೀವವನ್ನು ಕುರಿತು ಹೇಳುವಂತೆ. ಉಸ್ಮಾನಾಬಾದಿ ತಳಿಯ ಎರಡು ಕರಿಯ ಆಡುಗಳು ಸದಾ ಇರುತ್ತಿದ್ದವು. ಆ ತಳಿಗೆ ಹೆಸರು ಕೊಟ್ಟ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರಾಗಿದ್ದರೂ ಆಡಿನ ಹೆಸರು ಹಾಗೆಯೇ ಉಳಿದಿದೆ. ಎರಡಕ್ಕಿಂತ ಹೆಚ್ಚಾದರೆ ಒಂದನ್ನು ಮಾರುವುದು, ಒಂದೇ ಆದರೆ ಇನ್ನೊಂದನ್ನು ಹೇಗಾದರೂ ತರುವುದು ತಾಯಿಯ ಲೆಕ್ಕ. ಆಡು ಒಂಟಿಯಾಗಿ ಇರಲಾರದು. ಇಡೀ ದಿನ ಒದರಿ ಓಣಿಯ ನಿದ್ದೆ ಕೆಡಿಸುತ್ತದೆ.

ಎಪ್ಪತ್ತೆರಡರ ಬರದ ಕಥೆಯನ್ನು ತಾಯಿ ಹಲವು ಸಲ ಹೇಳಿದ್ದಳು. ಆಗ ನಾನಿನ್ನೂ ತೊಟ್ಟಿಲ ಕೂಸು. ಮೇವಿಲ್ಲದೆ ಎತ್ತುಗಳನ್ನು ಸಿಕ್ಕಿದ ಬೆಲೆಗೆ ಕೊಟ್ಟರು, ಎಮ್ಮೆ ಹೋಯಿತು. ಆಡುಗಳು ಉಳಿದವು. ಜಾಲಿಯ ಕಾಯಿ, ಬೇಲಿಯ ಮುಳ್ಳುಸೊಪ್ಪು, ಬೇವಿನೆಲೆ ಅವಕ್ಕೆ ಸಾಕಾಗುತ್ತಿತ್ತು. ಹುಲ್ಲನ್ನು ನಂಬಿದ ಪ್ರಾಣಿಗೆ ಮಳೆ ಬೇಕು, ಎಲೆಯನ್ನು ನಂಬಿದ ಪ್ರಾಣಿಗೆ ಗಿಡವಿದ್ದರಾಯಿತು. ಬರಗಾಲದ ಸೀಮೆಯಲ್ಲಿ ಆಡು ನಿಂತದ್ದು ಈ ಕಾರಣದಿಂದ.

ಇಲ್ಲಿ ಭಾಷೆಯ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ನಿಮಗೆ ಗೊತ್ತು. ಆದರೆ ಆಡು ಮುಟ್ಟದ ಸೊಪ್ಪೊಂದಿದೆ; ಅದು ನಮ್ಮ ಬೇಲಿಯಲ್ಲೇ ಇರುವ ಆಡುಸೋಗೆ. ತಮಿಳಿನಲ್ಲಿ ಅದರ ಹೆಸರೇ 'ಆಡು ತೊಡದ್ದು' ಎಂಬರ್ಥ ಕೊಡುವಂತಿದೆ. 'ತೊಡು' ಎಂದರೆ ಅಲ್ಲಿ ಮುಟ್ಟು. ಆ ಹೆಸರೇ ಲಿನೇಯಸನ ಸಸ್ಯಶಾಸ್ತ್ರದೊಳಗೆ ಹೋಗಿ 'ಜಸ್ಟೀಸಿಯಾ ಅಧತೋಡ' ಆಯಿತು. ಮರಾಠಿಯ 'ಅಡುಳಸಾ' ಕೂಡ ಇದೇ ಗಿಡ. ಕೆಮ್ಮಿಗೆ ನನ್ನಜ್ಜಿ ಕಷಾಯ ಮಾಡುತ್ತಿದ್ದುದು ಇದರಿಂದಲೇ. ಕನ್ನಡದ 'ಆಡು', ತಮಿಳಿನ 'ಆಡು', ಅದರ ಹಳೆಯ ರೂಪ 'ಯಾಡು', ತುಳುವಿನ 'ಏಡು' ಇವೆಲ್ಲ ಒಂದೇ ಬಳ್ಳಿಯವು. ನಮ್ಮ ಭಾಷೆಗಳು ಬೇರೆಯಾಗುವ ಮೊದಲೇ ಆಡು ನಮ್ಮ ಮನೆಯಲ್ಲಿತ್ತು ಎಂದು ಊಹಿಸಲು ಇಷ್ಟು ಸಾಕು.

ಈಗ ಮಡ್ಕಯಿಯ ವಿಷಯ. ಗೋವೆಯ ಫೋಂಡಾ ತಾಲ್ಲೂಕಿನ, ಜುವಾರಿ ನದಿಯ ಅಂಚಿನ ಈ ಊರಿಗೆ ನನ್ನ ಅಕ್ಕ ಮತ್ತು ಭಾವ ಹೋಗಿ ಇಪ್ಪತ್ತು ವರ್ಷಗಳಾದವು. ನವದುರ್ಗಾ ದೇವಸ್ಥಾನದಿಂದ ಹೆಸರಾದ ಊರಿಗೆ ಹತ್ತಿರದಲ್ಲೇ ಕೈಗಾರಿಕಾ ವಸಾಹತು. ಆಚೆಗೆ ಕುಂಡಯಿಯಲ್ಲಿ ಇನ್ನೊಂದು. ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ಇಂಥ ವಸಾಹತುಗಳ ಸುತ್ತ ಸಾಲುಖೋಲಿಗಳಲ್ಲಿ ನೆಲೆಸಿವೆ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿ ಹೋಗಿ ಎಂಟು ದಿನ ಇದ್ದು ಬರುವುದುಂಟು. ಅಕ್ಕನ ಸಾಲಿನಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳು ಹಲವು. ಸಂಜೆ ಹೆಂಗಸರು ಹೊರಗೆ ಕುಳಿತಾಗ ಕೇಳಿಬರುವ ಮಾತಿನಲ್ಲಿ ಕಾರ್ಖಾನೆಯ ಸುದ್ದಿ ಕಡಿಮೆ. ಊರಿನ ಆಡು, ಎಮ್ಮೆ, ಮಳೆಯ ಸುದ್ದಿಯೇ ಹೆಚ್ಚು.

ಅಕ್ಕನದು ಊರಲ್ಲಿ ಒಂದು ಆಡಿದೆ. ಅದನ್ನು ನಮ್ಮ ಸೋದರತ್ತೆಯ ಮಗನಿಗೆ ಪಾಲಿಗೆ ಕೊಟ್ಟಿದ್ದಾಳೆ. ಪಾಲಿನ ಕರಾರು ಎಲ್ಲಿಯೂ ಬರೆದದ್ದಲ್ಲ, ಆದರೆ ಬಿಗಿಯಾದದ್ದು. ತಾಯಿ ಆಡು ಕೊಟ್ಟವರದು. ಹಾಲು, ಗೊಬ್ಬರ ಸಾಕಿದವರದು. ಮೊದಲ ಮರಿ ಸಾಕಿದವರಿಗೆ, ಎರಡನೆಯದು ಒಡೆಯರಿಗೆ, ಅವಳಿಯಾದರೆ ಒಂದೊಂದು. ರೋಗದಿಂದ ಸತ್ತರೆ ಹಾನಿ ಒಡೆಯರದೇ, ಆದರೆ ಚರ್ಮ ತೋರಿಸಬೇಕು. ನಾಯಿ ಹಿಡಿದರೆ ಸಾಕಿದವರ ತಪ್ಪು. ಎಷ್ಟು ನ್ಯಾಯವಾದ ಹಂಚಿಕೆಯೆಂದು ನೋಡಿ. ನೆಲವಿಲ್ಲದವನಿಗೆ ಬಂಡವಾಳವಿಲ್ಲದೆ ಹಾಲು, ಊರು ಬಿಟ್ಟವಳಿಗೆ ಊರಿನಲ್ಲೊಂದು ಆಸ್ತಿ. ಬ್ಯಾಂಕಿನ ಯಾವ ಅರ್ಜಿಯಲ್ಲಿಯೂ ಈ ಸಂಬಂಧಕ್ಕೆ ಕಾಲಂ ಇಲ್ಲ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಈ ಪಾಲಿನ ಬೆಲೆ ನನಗೆ ತಿಳಿಯಿತು. ಗೋವೆಯ ತರಕಾರಿ ಬಹುಪಾಲು ಬೆಳಗಾವಿಯಿಂದ ಹೋಗುವಂಥದ್ದು. ಗಡಿ ಬಂದಾಗಿ ಲಾರಿಗಳು ನಿಂತಾಗ, ಸಂಬಳವೂ ನಿಂತ ಸಾಲುಖೋಲಿಗಳಲ್ಲಿ ಅಕ್ಕಿ ಬೇಯಿಸಿ ಉಪ್ಪು ಹಾಕಿಕೊಂಡು ಉಂಡ ದಿನಗಳಿದ್ದವೆಂದು ಅಕ್ಕ ಹೇಳುತ್ತಾಳೆ. ಒಂದೂವರೆ ತಿಂಗಳ ಮೇಲೆ ಊರಿಗೆ ಬಂದರು. ಬಂದ ನಾಲ್ಕನೆಯ ದಿನ ಪಾಲಿನಲ್ಲಿ ಬಂದಿದ್ದ ಹೋತವನ್ನು ಮಾರಿ ಕಿರಾಣಿ ತಂದರು. ಆಡು ಆಗ ಈದಿತ್ತು. ಕರಾರಿನಂತೆ ಹಾಲು ತನ್ನದಾಗಿದ್ದರೂ ಸೋದರತ್ತೆಯ ಮಗ ಬೆಳಿಗ್ಗೆ ಒಂದು ತಂಬಿಗೆ ಅವರ ಮನೆಗೆ ಕೊಡತೊಡಗಿದ. ಸ್ವಾವಲಂಬನೆಯೆಂಬ ದೊಡ್ಡ ಶಬ್ದವನ್ನು ನಾವು ಭಾಷಣದಲ್ಲಿ ಬಳಸುತ್ತೇವೆ. ನಾನು ಕಂಡದ್ದು ಒಂದು ತಂಬಿಗೆ ಹಾಲು, ಅದೂ ಇನ್ನೊಬ್ಬರ ಕೈಯಿಂದ ಬಂದದ್ದು.

ಹಾಗಾದರೆ ಮಡ್ಕಯಿಯಲ್ಲೇ ಆಡು ಸಾಕಬಾರದೇ ಎಂದು ಕೇಳುವಿರಿ. ಅಕ್ಕ ಅದನ್ನೂ ಮಾಡಿ ನೋಡಿದಳು. ಮರಳಿ ಹೋದ ಮೇಲೆ ಖೋಲಿಯ ಹಿಂದೆ ಒಂದು ಆಡು ಕಟ್ಟಿದಳು. ಅದು ಮೊದಲ ವಾರವೇ ಪಕ್ಕದವರ ದಾಸವಾಳವನ್ನು ಬೋಳಿಸಿತು. ಎರಡನೆಯ ವಾರ ಮನೆಯ ಮಾಲೀಕರ ಹಲಸಿನ ಸಸಿ. ಅದೂ ಸಹಿಸಿತು. ಸಹಿಸದಿದ್ದುದು ಮಳೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಒಣಸೀಮೆಯ ಆಡು ಜೂನ್ ಕಳೆಯುವುದರೊಳಗೆ ಕೆಮ್ಮತೊಡಗಿತು, ಗೊರಸು ಕೊಳೆಯಿತು, ಹೊಟ್ಟೆಯಲ್ಲಿ ಜಂತು. ನೆಲದಿಂದೆತ್ತರದ ಹಲಗೆಯ ಅಟ್ಟ, ಅದರ ಮೇಲೊಂದು ಸೂರು ಇಲ್ಲದೆ ಕರಾವಳಿಯಲ್ಲಿ ಆಡು ನಿಲ್ಲದು. ಸಿಂಧುದುರ್ಗದ 'ಕೊಂಕಣ ಕನ್ಯಾಳ' ಎಂಬ ತಳಿ ಆ ಹವೆಗೆ ಒಗ್ಗಿದ್ದು; ನಮ್ಮ ಕರಿಯ ಆಡು ಒಗ್ಗಲಿಲ್ಲ. ನಾಗರಪಂಚಮಿಗೆ ಮೊದಲೇ ಅದನ್ನು ಊರಿಗೆ ಕಳಿಸಿದರು.

ಮಡ್ಕಯಿಯವರಿಗೆ ಆಡು ಬೇಕಾಗಿಯೂ ಇಲ್ಲ. ಅವರ ಸ್ವಾವಲಂಬನೆಯ ರೂಪವೇ ಬೇರೆ. ಜುವಾರಿಯ ಉಪ್ಪುನೀರನ್ನು ಕಟ್ಟೆ ಕಟ್ಟಿ ತಡೆದು ಮಾಡಿದ ಖಾಜನ ಗದ್ದೆಗಳು, ಉಬ್ಬರ ಇಳಿತಕ್ಕೆ ತಕ್ಕಂತೆ ತೆರೆದು ಮುಚ್ಚುವ 'ಮಾನಸ' ಎಂಬ ತೂಬು, ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕೊರ್ಗುಟ್ ಭತ್ತ, ಅದೇ ತೂಬಿನ ಬಾಯಲ್ಲಿ ಸೀಗಡಿ ಮತ್ತು ಮೀನು. ಒಂದೇ ನೆಲದಿಂದ ಅನ್ನ ಮತ್ತು ಸಾರು ಎರಡನ್ನೂ ತೆಗೆದ ಜಾಣತನವದು. ಕಟ್ಟೆಯೊಡೆದು ಉಪ್ಪುನೀರು ನುಗ್ಗಿದ ಗದ್ದೆಯಂಚಿನಲ್ಲಿ ನಿಂತು ಊರಿನ ಹಿರಿಯರೊಬ್ಬರು ಮರಾಠಿಯಲ್ಲಿ ನನ್ನೊಡನೆ ಬಹಳ ಹೊತ್ತು ಮಾತನಾಡಿದರು. ಕಟ್ಟೆಯನ್ನು ಎಲ್ಲರೂ ಸೇರಿ ಕಾಯಬೇಕು, ಕಾಯುವವರು ಈಗ ಕಡಿಮೆ ಎಂಬುದು ಅವರ ದುಃಖ. ನನಗೆ ನಮ್ಮೂರ ಗಾಯರಾಣ ನೆನಪಾಯಿತು.

ಗಾಯರಾಣವೆಂದರೆ ನಮ್ಮ ಕಡೆ ಊರಿನ ದನಕರು ಮೇಯಲು ಬಿಟ್ಟ ನೆಲ. ಹಳೆಯ ಮೈಸೂರಿನವರು ಗೋಮಾಳವೆನ್ನುತ್ತಾರೆ. ನನ್ನ ಮಾತಿನ ತಿರುಳು ಇಲ್ಲಿದೆ. ನನ್ನ ತಾಯಿ ಎರಡು ಆಡು ಸಾಕಿದ್ದು ತನ್ನ ನೆಲದಲ್ಲಲ್ಲ. ನಮಗಿದ್ದುದು ಒಂದೂವರೆ ಎಕರೆ, ಅದೂ ಬಿತ್ತಿದ ಹೊಲ. ಆಡು ಮೇದದ್ದು ಊರಿನ ನೆಲದಲ್ಲಿ, ಹಳ್ಳದ ದಂಡೆಯಲ್ಲಿ, ಬೇಲಿಯ ಸಾಲಿನಲ್ಲಿ. ಆ ನೆಲದ ಒಂದು ಭಾಗ ಇಂದು ಕಟ್ಟಡ, ಇನ್ನೊಂದು ಭಾಗ ಬಲ್ಲವರ ಒತ್ತುವರಿ; ಹಳ್ಳದ ದಂಡೆ ಕಬ್ಬಿನ ಗದ್ದೆ, ಬೇಲಿಯ ಜಾಗದಲ್ಲಿ ತಂತಿ. 2011ರ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರಿನ ಸಾಮೂಹಿಕ ನೆಲದ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಆದೇಶ ಹೊರಟ ಮೇಲೂ ನಮ್ಮೂರ ತಂತಿಬೇಲಿ ಒಂದು ಗೇಣು ಹಿಂದೆ ಸರಿದಿಲ್ಲ. ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನಿಗೆ ಎತ್ತುಗಳಿವೆ, ಉಳಲು ನೆಲವಿಲ್ಲ. ಅದನ್ನು ನಾವು ಬೇಸಾಯದ ಹಕ್ಕಿನ ಕಥೆಯಾಗಿ ಓದುತ್ತೇವೆ, ಸರಿಯೇ. ಆದರೆ ಪ್ರಾಣಿಯಿದ್ದೂ ಅದಕ್ಕೆ ಕಾಲೂರಲು ನೆಲವಿಲ್ಲದ ಸ್ಥಿತಿ ಇಂದು ಆಡು ಸಾಕುವ ಪ್ರತಿ ಬಡಮನೆಯದೂ ಆಗಿದೆ. ನನ್ನ ವಿದ್ಯಾರ್ಥಿಯ ತಾಯಿ ಆಡುಗಳನ್ನು ಮಾರಿದ್ದು ಸೋಮಾರಿತನದಿಂದಲ್ಲ.

ನೂರು ಆಡಿನ ಕನಸು ಹುಟ್ಟಿದ್ದು ಈ ಶೂನ್ಯದಲ್ಲಿ. ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಹೊಸ ರೂಪ ತಾಳಿದ ಮೇಲೆ, ಅದರ ಉದ್ಯಮಶೀಲತಾ ಯೋಜನೆಯಲ್ಲಿ 100 ಹೆಣ್ಣಾಡು, 5 ಹೋತಗಳ ಘಟಕದಿಂದ 500 ಹೆಣ್ಣಾಡುಗಳ ಘಟಕದವರೆಗೆ ಬಂಡವಾಳದ ಶೇಕಡ 50ರಷ್ಟು ಸಹಾಯಧನ ದೊರೆಯುತ್ತದೆ. ಕರ್ನಾಟಕದ 'ಅಮೃತ ಸ್ವಾಭಿಮಾನಿ ಕುರಿಗಾಹಿ' ಯೋಜನೆಯ ಘಟಕ 20 ಕುರಿ ಅಥವಾ ಆಡು ಮತ್ತು ಒಂದು ಗಂಡಿನದು. ಇವು ಕೆಟ್ಟ ಯೋಜನೆಗಳೆಂದು ನಾನು ಹೇಳುವುದಿಲ್ಲ. ನೆಲವೂ ನೀರೂ ಉಳ್ಳವರು ಇವುಗಳಿಂದ ಮೇಲೆ ಬಂದದ್ದುಂಟು. ಆದರೆ ಎರಡು ಆಡಿನ ಮನೆ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದವು, ಕರ್ನಾಟಕದಲ್ಲಿ ಸುಮಾರು 61 ಲಕ್ಷ. ಅವು ಬಹಳವಾಗಿ ಇರುವುದು ಸಣ್ಣ ಮನೆಗಳ ಹಿತ್ತಿಲಿನಲ್ಲಿಯೇ ಹೊರತು ಶೆಡ್ಡುಗಳಲ್ಲಲ್ಲ.

ಹುಡುಗನನ್ನು ಕೂರಿಸಿಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದೆ. ಮೂವತ್ತು ಕಿಲೋ ತೂಗುವ ಆಡಿಗೆ ದಿನಕ್ಕೆ ಮೂರರಿಂದ ನಾಲ್ಕು ಕಿಲೋ ಹಸಿಸೊಪ್ಪು. ಎರಡು ಆಡಿಗೆ ಏಳು ಕಿಲೋ ಎಂದರೆ ಒಂದು ಹೊರೆ. ಬೇಲಿಗುಂಟ ಇಪ್ಪತ್ತು ಚೊಗಚೆ, ನುಗ್ಗೆ, ಸುಬಾಬುಲ್ ಗಿಡಗಳಿದ್ದು, ಹಿತ್ತಲಿನ ಹುಲ್ಲು, ತೊಗರಿ ಹೊಟ್ಟು ಸೇರಿದರೆ ನಡೆಯುತ್ತದೆ. ಸುಬಾಬುಲ್ ಒಂದನ್ನೇ ಹಾಕಬಾರದು, ಅದರಲ್ಲೊಂದು ವಿಷಾಂಶವಿದೆ. ನೂರು ಆಡಿಗೆ ದಿನಕ್ಕೆ ಮುನ್ನೂರೈವತ್ತು ಕಿಲೋ. ಅದನ್ನು ಕೊಯ್ಯುವವರಾರು, ಯಾವ ನೆಲದಲ್ಲಿ, ಏಪ್ರಿಲ್ ತಿಂಗಳಲ್ಲಿ ಯಾವ ನೀರಿನಿಂದ? ಪಿಪಿಆರ್ ರೋಗ ಹೊಕ್ಕರೆ ಎರಡು ಆಡಿನ ಮನೆ ಒಂದನ್ನು ಕಳೆದುಕೊಂಡು ಅತ್ತು ಸುಮ್ಮನಾಗುತ್ತದೆ. ನೂರು ಆಡಿನ ಮನೆ ಬ್ಯಾಂಕಿಗೆ ಉತ್ತರ ಕೊಡಬೇಕು. ಅದಕ್ಕೆ ಲಸಿಕೆಯಿದೆ, ಮೂರು ವರ್ಷಕ್ಕೊಮ್ಮೆ ಸಾಕು. ಕರುಳುಬೇನೆಗೆ ಮಾತ್ರ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಹಾಕಿಸಬೇಕು. ಮೊಬೈಲಿನಲ್ಲಿ ನೋಡಿದ ಯಾವ ವಿಡಿಯೋದಲ್ಲಿಯೂ ಸತ್ತ ಆಡನ್ನು ತೋರಿಸಿರಲಿಲ್ಲವೆಂದು ಅವನೇ ಒಪ್ಪಿಕೊಂಡ.

ಎರಡು ಆಡಿನಿಂದ ಬರುವುದೇನು? ಐದು ತಿಂಗಳಿಗೆ ಈಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಸಲ, ನಮ್ಮ ತಳಿಯಲ್ಲಿ ಅವಳಿ ಸಾಮಾನ್ಯ. ಮರಿ ಕುಡಿದು ಉಳಿದ ಹಾಲು ಅರ್ಧದಿಂದ ಒಂದು ಲೀಟರು, ಮೂರು ನಾಲ್ಕು ತಿಂಗಳು. ಮನೆಯ ಚಹಾ, ಮಕ್ಕಳ ಬಟ್ಟಲು ಅಷ್ಟೇ. ಆಡಿನ ಹಾಲಿನ ಮಹಿಮೆಯನ್ನು ಹೊಗಳುವವರು ಮರೆಯುವ ಎರಡು ಸಂಗತಿಗಳನ್ನು ಹೇಳಿಬಿಡುತ್ತೇನೆ. ಅದರಲ್ಲಿ ಫೋಲೇಟ್ ಎಂಬ ಜೀವಸತ್ವ ಕಡಿಮೆ. ಎಳೆಗೂಸನ್ನು ಅದೊಂದರ ಮೇಲೆಯೇ ಬೆಳೆಸಬಾರದು. ಕಾಯಿಸದೆ ಕುಡಿಯಲೂಬಾರದು. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ವರ್ಷಗಟ್ಟಲೆ ಕಾಡಿದ ಜ್ವರದ ಮೂಲ ಆಡಿನಲ್ಲಿದೆಯೆಂದು ಝಮ್ಮಿಟ್ ಎಂಬ ವೈದ್ಯ 1905ರಲ್ಲಿ ಕಂಡುಹಿಡಿದ. ಹಸಿ ಹಾಲನ್ನು ನಿಲ್ಲಿಸಿದ ಮೇಲೆ ಸೈನಿಕರಲ್ಲಿ ಜ್ವರ ಇಳಿಯಿತು. ಗಾಂಧೀಜಿಯವರ ಆಡನ್ನೂ ಪೂಜೆಯ ವಸ್ತು ಮಾಡುವುದು ಬೇಡ. 1918ರ ಕಠಿಣ ಕಾಯಿಲೆಯಲ್ಲಿ, ಹಾಲು ಬಿಟ್ಟ ವ್ರತ ಹಸು ಎಮ್ಮೆಗಳಿಗಷ್ಟೇ ಅಲ್ಲವೇ, ಆಡಿನ ಹಾಲಿಗೇನು ಎಂದು ಕಸ್ತೂರಬಾ ಕೇಳಿದಾಗ ಅವರು ಒಪ್ಪಿದರು. ಶಬ್ದವನ್ನು ಉಳಿಸಿ ವ್ರತದ ಆತ್ಮವನ್ನು ಕಳೆದುಕೊಂಡೆನೆಂಬ ಕೊರಗನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆ ಕೊರಗು ಆಡು ಸಾಕುವವರಿಗೂ ತಪ್ಪಿದ್ದಲ್ಲ. ಹಾಲು ಬೇಕಾದರೆ ಆಡು ಈಯಬೇಕು, ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಅವನ್ನು ಏನು ಮಾಡುತ್ತೀರಿ? ಹಾಲನ್ನು ಮಾತ್ರ ಬಯಸಿ ಕತ್ತಿಯ ಮಾತನ್ನು ಎತ್ತಬೇಡವೆನ್ನುವವರಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ನನ್ನ ತಾಯಿ ಮನೆಯಲ್ಲಿ ಬೆಳೆದ ಮರಿಯ ಮಾಂಸವನ್ನು ಎಂದೂ ತಿನ್ನಲಿಲ್ಲ, ಆದರೆ ಸಂತೆಗೆ ಅದನ್ನು ಹಗ್ಗ ಹಿಡಿದು ಎಳೆದೊಯ್ದವಳು ಅವಳೇ. ನನ್ನ ಕಾಲೇಜಿನ ಮೂರು ವರ್ಷದ ಫೀಸು ಮೂರು ಹೋತಗಳು. ಜನ್ನನ 'ಯಶೋಧರ ಚರಿತೆ'ಯನ್ನು ಪಾಠ ಮಾಡುವಾಗ, ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಕ್ಕೇ ತಾಯಿಮಗ ಆಡಾಗಿಯೂ ಹುಟ್ಟಿ ಸಾಯುವ ಭವಾವಳಿ ಬಂದಾಗ, ನನ್ನ ದನಿ ಸ್ವಲ್ಪ ತಗ್ಗುವುದನ್ನು ನಿಮ್ಮಲ್ಲಿ ಕೆಲವರು ಗಮನಿಸಿದ್ದೀರಿ. ಕಾರಣ ಇದು. ಮರಾಠಿಯಲ್ಲೊಂದು ಗಾದೆಯಿದೆ: 'ಶೇಳೀ ಜಾತೇ ಜಿವಾನಿಶೀ, ಖಾಣಾರಾ ಮ್ಹಣತೋ ವಾತಡ.' ಆಡು ಜೀವವನ್ನೇ ಕೊಡುತ್ತದೆ, ತಿನ್ನುವವನು ನಾರು ನಾರೆಂದು ಮೂಗು ಮುರಿಯುತ್ತಾನೆ. ಸಾಕಿದ ಮನೆಯವರು ಹಾಗೆ ಮೂಗು ಮುರಿಯಲಾರರು. ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುವವರಿಗೂ ಅವರಿಗೂ ಇರುವ ಅಂತರ ಇಷ್ಟೇ, ಆದರೆ ಸಣ್ಣದಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಬಿಡಿಸಿ ಹೇಳುತ್ತೇನೆ. ಕುಟುಂಬದ ಅನ್ನಕ್ಕೆ ಆಸರೆಯಾಗುವಂತೆ ಆಡು ಸಾಕುವುದು ಬೇರೆ, ಸಾಲ ತೀರಿಸಲು ಆಡು ಸಾಕುವುದು ಬೇರೆ. ಮೊದಲನೆಯದಕ್ಕೆ ಸರ್ಕಾರ ಕೊಡಬೇಕಾದುದು ಸಹಾಯಧನಕ್ಕಿಂತ ಹೆಚ್ಚಾಗಿ ಗಾಯರಾಣ, ಊರ ಬಾಗಿಲಿಗೇ ಬರುವ ಲಸಿಕೆ, ಎರಡು ಆಡಿಗೂ ದೊರೆಯುವ ವಿಮೆ. ಪಾಲಿನ ಪದ್ಧತಿಯನ್ನು ಹಳೆಯದೆಂದು ಕಡೆಗಣಿಸದೆ ಸಂಘಗಳು ಅದನ್ನೇ ತಳಹದಿಯಾಗಿಸಿಕೊಳ್ಳಬಹುದು. ಇದಕ್ಕೆ ನಮ್ಮ ಆರ್ಥಿಕ ತಜ್ಞರು ನಗಬಹುದು. ಎರಡು ಆಡಿನಿಂದ ಬಡತನ ನೀಗದು ಎನ್ನುವರು, ನಿಜ, ನೀಗದು. ನಮ್ಮದೂ ನೀಗಲಿಲ್ಲ.

ಹುಡುಗ ನನ್ನ ಲೆಕ್ಕದ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದ. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ಕಳೆದ ವಾರ ಬಂದು, ಬೇಲಿಗುಂಟ ಹನ್ನೆರಡು ಚೊಗಚೆ ಹಚ್ಚಿದ್ದಾನೆಂದೂ ಅವ್ವ ನಕ್ಕಳೆಂದೂ ಹೇಳಿದ. ಎರಡು ಆಡಿನ ಮಾತನ್ನು ಅವ್ವನೇ ಎತ್ತಿದಳಂತೆ.

ನಿನ್ನೆ ರಾತ್ರಿ ಮಡ್ಕಯಿಯಿಂದ ಅಕ್ಕನ ಫೋನು. ಊರಲ್ಲಿ ಆಡು ಈದಿದೆ, ಅವಳಿ, ಒಂದು ಹೆಣ್ಣು ಒಂದು ಗಂಡು. "ತಮ್ಮಾ, ಹೆಣ್ಣಮರಿ ನನ್ನ ಪಾಲಿಗೇ ಬರಬೇಕು ನೋಡು. ಹೋದ ಸಲ ಗಂಡು ತಗೊಂಡೀನಿ. ಅಂವ ಫೋನ್‌ನ್ಯಾಗ ಹೂಂ ಅಂತಾನ, ಆಮ್ಯಾಲ ಮರೀತಾನ. ನೀನ ಹೋಗಿ ಕಿವಿಗೆ ದಾರ ಕಟ್ಟಿ ಬಾ." ರವಿವಾರ ಊರಿಗೆ ಹೋಗಬೇಕಾಗಿದೆ.